ಆಧಾರ್ ಕಾಪಿ ಕಳಿಸೋ ಮುಂಚೆ

ಹೋದ ತಿಂಗಳ ಅಂಕಣ ಓದಿದ ಒಬ್ಬರು ಮೇಲ್ ಮಾಡಿ ಕೇಳಿದ್ದರು: "ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕೋಕೆ ಯಾವ ಆ್ಯಪ್ ಒಳ್ಳೇದು? ಬಾಡಿಗೆ ಮನೆಗೆ ಡಾಕ್ಯುಮೆಂಟ್ಸ್ ಕಳಿಸಬೇಕು." ಆ್ಯಪ್ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಬಾಡಿಗೆ ಮನೆ ಅಂದರಲ್ಲ, ಅಲ್ಲಿ ತಡೆದೆ. ಆ ಕೆಲಸಕ್ಕೆ ಪಾಸ್‌ವರ್ಡ್‌ನಿಂದ ಹೆಚ್ಚು ಉಪಯೋಗ ಇಲ್ಲ.

ನೀವೇ ಯೋಚಿಸಿ. ಬೀಗ ಹಾಕಿದ ಫೈಲನ್ನ ಬ್ರೋಕರ್‌ಗೆ ಕಳಿಸ್ತೀರಿ. ಅವರು ಅದನ್ನ ತೆಗೆದು ನೋಡಬೇಕಲ್ಲ, ಹಾಗಾಗಿ ಪಾಸ್‌ವರ್ಡನ್ನೂ ಕಳಿಸ್ತೀರಿ. ಬಹುತೇಕ ಅದೇ ಚಾಟ್‌ನಲ್ಲಿ, ಫೈಲಿನ ಕೆಳಗೇ. ಅವರು ತೆಗೆದು, ಸ್ಕ್ರೀನ್‌ಶಾಟ್ ಹೊಡೆದು, ಓನರ್‌ಗೆ ಫಾರ್ವರ್ಡ್ ಮಾಡ್ತಾರೆ. ಅಲ್ಲಿಗೆ ಬೀಗದ ಕಥೆ ಮುಗೀತು. ಪಾಸ್‌ವರ್ಡ್ ಕಾಯೋದು ದಾರಿಯನ್ನ. ಫೈಲು ತಲುಪಿ, ತೆಗೆದಾದ ಮೇಲೆ ಏನಾಗುತ್ತೆ ಅನ್ನೋದು ಅದರ ಕೈಯಲ್ಲಿಲ್ಲ. ಇನ್ನು ವಾಟ್ಸಾಪ್ ದಾರಿಗಂತೂ 2016ರಿಂದಲೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ. ಅಪಾಯ ಇರೋದು ಆ ಕಡೆಯ ಫೋನಿನಲ್ಲಿ. ಗ್ಯಾಲರಿಗೆ ತಾನಾಗೇ ಸೇವ್ ಆಗುವ ಫೋಟೊ, ಅಲ್ಲಿಂದ ಕ್ಲೌಡ್ ಬ್ಯಾಕಪ್, ಅಲ್ಲಿಂದ "ಬ್ರೋಕರ್ಸ್ ಗ್ರೂಪ್".

ಆದ್ದರಿಂದ ಆ್ಯಪ್ ಹುಡುಕೋ ಮುಂಚೆ ಕೇಳಿಕೊಳ್ಳಬೇಕಾದ್ದು ಇಷ್ಟೇ: ನಿಮಗೆ ಅನುಮಾನ ಇರೋದು ದಾರಿಯ ಮೇಲಾ, ತಗೊಳ್ಳುವವರ ಮೇಲಾ? ದಾರಿಯ ಮೇಲಾದರೆ ಬೀಗ ಹಾಕಿ. ತಗೊಳ್ಳುವವರ ಮೇಲಾದರೆ ಬೀಗ ಸಾಲದು, ಫೈಲಿನ ಒಳಗಿಂದಲೇ ಏನನ್ನ ತೆಗೆದುಬಿಡಬೇಕು ಅಂತ ನೋಡಿ. ಫೈಲಿನಲ್ಲಿ ಇಲ್ಲದೇ ಇರೋ ನಂಬರನ್ನ ಯಾರೂ ಸೋರಿಸೋಕಾಗಲ್ಲ.

ಈ ಲೆಕ್ಕ ನಮ್ಮ ಮನೆಯಲ್ಲೇ ಒಮ್ಮೆ ಹಾಕಬೇಕಾಯಿತು. ತಂಗಿಗೆ ಕಳೆದ ವರ್ಷ ಬೆಂಗಳೂರಲ್ಲಿ ಕೆಲಸ ಸಿಕ್ತು. ಮೊದಲ ಕೆಲಸ. ದಾವಣಗೆರೆಯಲ್ಲಿ ಕೂತೇ ಮಾರತ್ತಹಳ್ಳಿ ಕಡೆ ಮನೆ ನೋಡ್ತಿದ್ದಳು. ಒಂದು ದಿನ ಫೋನ್: "ಅಕ್ಕಾ, ಬ್ರೋಕರ್ ಲಿಸ್ಟ್ ಕಳಿಸಿದಾರೆ. ಆಧಾರ್ ಎರಡೂ ಸೈಡು, ಪ್ಯಾನು, ಮೂರು ತಿಂಗಳ ಸ್ಯಾಲರಿ ಸ್ಲಿಪ್ಪು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು. ಇವತ್ತೇ ಕಳಿಸಿದ್ರೆ ಮನೆ ಹಿಡಿದಿಡ್ತಾರಂತೆ. ಕಳಿಸ್ಲಾ?"

ಅವಳು ಆ ಬ್ರೋಕರನ್ನ ನೋಡಿಲ್ಲ. ಮನೆ ನೋಡಿರೋದು ವೀಡಿಯೊದಲ್ಲಿ. ಓನರ್ ಹೆಸರೂ ಗೊತ್ತಿಲ್ಲ. ಕೇಳಿದ್ದನ್ನೆಲ್ಲ ಕಳಿಸಿದ್ದರೆ, ಪರಿಚಯವೇ ಇಲ್ಲದ ಒಬ್ಬರ ಫೋನಿನಲ್ಲಿ ಇಪ್ಪತ್ಮೂರು ವರ್ಷದ ಹುಡುಗಿಯೊಬ್ಬಳ ಮುಖ, ಹುಟ್ಟಿದ ದಿನ, ಊರಿನ ಮನೆ ವಿಳಾಸ, ಅಪ್ಪನ ಹೆಸರು, ಸಂಬಳ, ಅಕೌಂಟ್ ನಂಬರ್, ಯಾವ ವಾರ ಯಾವ ಹೋಟೆಲಿಗೆ, ಯಾವ ಕ್ಲಿನಿಕ್ಕಿಗೆ, ಯಾವ ಗೆಳತಿಗೆ ಯುಪಿಐ ಮಾಡಿದಳು ಅನ್ನೋದೆಲ್ಲ ಕೂತಿರುತ್ತಿತ್ತು. ಮನೆ ಸಿಗಲಿ ಸಿಗದಿರಲಿ. ಅವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಒಳ್ಳೆಯವರ ಫೋನೂ ಕಳೆದುಹೋಗುತ್ತೆ, ರಿಪೇರಿ ಅಂಗಡಿಗೂ ಹೋಗುತ್ತೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಲ್ಲ ಅಂತ ಮೊದಲೇ ಹೇಳಿಸಿದೆ. ಓನರ್‌ಗೆ ಬೇಕಾಗಿದ್ದು ಬಾಡಿಗೆ ಬರುತ್ತೆ ಅನ್ನೋ ಧೈರ್ಯ. ಅದಕ್ಕೆ ಆಫರ್ ಲೆಟರಿನ ಮೊದಲ ಪುಟ ಸಾಕು. ಅವಳಿನ್ನೂ ಕೆಲಸಕ್ಕೆ ಸೇರದೇ ಇದ್ದದ್ದರಿಂದ ಸ್ಲಿಪ್ಪಿನ ಪ್ರಶ್ನೆಯೇ ಇರಲಿಲ್ಲ. ನೀವು ಸ್ಲಿಪ್ ಕೊಡಲೇಬೇಕಾದರೆ ಒಂದು ಸಲ ಅದನ್ನ ಪೂರ್ತಿ ಓದಿ ನೋಡಿ. ಪ್ಯಾನ್, ಯುಎಎನ್, ಪಿಎಫ್ ನಂಬರ್, ಬ್ಯಾಂಕ್ ಅಕೌಂಟ್, ಎಂಪ್ಲಾಯೀ ಐಡಿ, ಎಲ್ಲಾ ಒಂದೇ ಹಾಳೆಯಲ್ಲಿ. ಹೆಸರು, ಕಂಪನಿ, ತಿಂಗಳು, ಕೈಗೆ ಬರುವ ಸಂಬಳ ಬಿಟ್ಟು ಉಳಿದಿದ್ದನ್ನ ಮುಚ್ಚಿ ಕೊಟ್ಟರೆ ಓನರ್‌ಗೆ ನಷ್ಟ ಏನಿಲ್ಲ.

ಆಧಾರ್ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇಲ್ಲಿ ಗೊಂದಲ ಜಾಸ್ತಿ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಝೆರಾಕ್ಸನ್ನ ಯಾರಿಗೂ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಅಂತ. ದೇಶವೆಲ್ಲ ಗಾಬರಿ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ, ಜನ ತಪ್ಪು ಅರ್ಥ ಮಾಡಿಕೊಳ್ಳುವ ಸಾಧ್ಯತೆ ಇದೆ ಅಂತ ಹೇಳಿ ಅದನ್ನ ವಾಪಸ್ ತಗೊಂಡಿತು. ವಾಪಸ್ ಹೋಗಿದ್ದು ಪ್ರಕಟಣೆ ಮಾತ್ರ. ಮಾಸ್ಕ್ಡ್ ಆಧಾರ್ ಸೌಲಭ್ಯ ಆಗಲೂ ಇತ್ತು, ಈಗಲೂ ಇದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಬೇಕಾ ಅಂತ ಕೇಳುವ ಚೌಕಕ್ಕೆ ಟಿಕ್ ಹಾಕಿದರೆ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಇರುವ ಪಿಡಿಎಫ್ ಬರುತ್ತೆ.

"ಅದ್ಯಾಕೆ, ಇರೋ ಕಾರ್ಡಿನ ಫೋಟೊ ತೆಗೆದು ನಂಬರ್ ಮೇಲೆ ಕಪ್ಪು ಬಳಿದರೆ ಆಗಲ್ವಾ?" ಅಂತ ತಂಗಿಯೂ ಕೇಳಿದಳು. ಅವಳ ಕಾರ್ಡು ಸ್ಕೂಲಿನ ಕಾಲದ್ದು. ಹಳೇ ಕಾರ್ಡುಗಳಲ್ಲಿ ಒಂದು ಕಿತಾಪತಿ ಇದೆ. 2018ರ ಸುಮಾರಿಗೆ ಯುಐಡಿಎಐ ಕ್ಯೂಆರ್ ಕೋಡ್ ಬದಲಾಯಿಸಿತು. ಈಗಿನ ಕ್ಯೂಆರ್‌ನಲ್ಲಿ ಆಧಾರಿನ ಕೊನೆಯ ನಾಲ್ಕು ಅಂಕಿ ಮಾತ್ರ ಇರುತ್ತೆ, ಜೊತೆಗೆ ಡಿಜಿಟಲ್ ಸಹಿ. ಅದಕ್ಕೂ ಹಿಂದಿನ ಕಾರ್ಡುಗಳ ಕ್ಯೂಆರ್‌ನಲ್ಲಿ ಹನ್ನೆರಡೂ ಅಂಕಿ, ಹೆಸರು, ವಿಳಾಸ ಎಲ್ಲ ಬರಿಗಣ್ಣಿಗೆ ಓದುವ ಹಾಗೆ ಇದೆ. ಫೋನಿನ ಯಾವುದೇ ಸಾಮಾನ್ಯ ಸ್ಕ್ಯಾನರ್ ತೋರಿಸಿಬಿಡುತ್ತೆ. ನಂಬರಿಗೆ ಎಷ್ಟು ಚೆಂದ ಕಪ್ಪು ಬಳಿದರೂ ಪಕ್ಕದ ಚೌಕ ಎಲ್ಲವನ್ನೂ ಊದುತ್ತಾ ಕೂತಿರುತ್ತೆ. ಮನೆಯಲ್ಲಿ ಹಳೇ ಕಾರ್ಡಿದ್ದರೆ ಈಗಲೇ ಸ್ಕ್ಯಾನ್ ಮಾಡಿ ನೋಡಿ. ಹೊಸ ಕ್ಯೂಆರ್‌ನಲ್ಲೂ ಹುಟ್ಟಿದ ದಿನ, ವಿಳಾಸ ಇರೋದರಿಂದ, ಅವನ್ನ ಮುಚ್ಚುವವರು ಕ್ಯೂಆರನ್ನೂ ಮುಚ್ಚಬೇಕು.

ಕೊನೆಗೆ ಅವಳು ಕಳಿಸಿದ್ದು ಡ್ರೈವಿಂಗ್ ಲೈಸೆನ್ಸು. ಓನರ್‌ಗೆ ಗುರುತಿನ ಚೀಟಿ ಬೇಕು ಅಂದರೆ ವೋಟರ್ ಐಡಿಯೋ ಲೈಸೆನ್ಸೋ ಸಾಕಲ್ಲ ಅನ್ನೋದು ನನ್ನ ವಾದ. ಅವು ಬ್ಯಾಂಕ್ ಖಾತೆಗೂ ಬೆರಳಚ್ಚಿಗೂ ಆಧಾರ್‌ನಷ್ಟು ಬಿಗಿಯಾಗಿ ಅಂಟಿಕೊಂಡಿಲ್ಲ. "ಆಧಾರೇ ಬೇಕು" ಅಂತ ಓನರ್ ಪಟ್ಟು ಹಿಡಿದಾಗ, ಅಗ್ರಿಮೆಂಟ್ ದಿನ ಒರಿಜಿನಲ್ ತೋರಿಸ್ತೀನಿ, ಕಾಪಿಗೆ ಮಾಸ್ಕ್ಡ್ ಕೊಡ್ತೀನಿ ಅಂದಳು. ಒಂದಿಷ್ಟು ಗೊಣಗಿ ಒಪ್ಪಿಕೊಂಡರು. ಒಪ್ಪದೇ ಇದ್ದಿದ್ದರೆ? ಆ ಮನೆ ಬಿಡು ಅಂತಲೇ ಹೇಳ್ತಿದ್ದೆ. ಬೆಂಗಳೂರಲ್ಲಿ ಹಾಗೆ ಹೇಳೋದು ಸುಲಭ ಅಲ್ಲ, ಗೊತ್ತು. ಅದರಲ್ಲೂ ಒಂಟಿ ಹುಡುಗಿಗೆ ಮನೆ ಕೊಡೋರೇ ಕಮ್ಮಿ ಇರುವಾಗ.

ಕಳಿಸಿದ ಪ್ರತಿ ಪುಟದ ಮೇಲೂ ಅಡ್ಡಡ್ಡ ಒಂದು ಸಾಲು ಹಾಕಿದ್ದೆವು: ಇಂಥ ಮನೆಯ ಬಾಡಿಗೆ ಕರಾರಿಗೆ ಮಾತ್ರ, ಇಂಥ ಬ್ರೋಕರ್‌ಗೆ ಕೊಟ್ಟಿದ್ದು, ಇಂಥ ತಾರೀಕು. ಇದೇನೂ ಹೊಸ ಟೆಕ್ನಾಲಜಿ ಅಲ್ಲ. ನಮ್ಮಪ್ಪ ಝೆರಾಕ್ಸ್ ಮೇಲೆ ಎರಡು ಗೆರೆ ಎಳೆದು, ನಡುವೆ ಕಾರಣ ಬರೆದು, ಸಹಿ ಹಾಕಿ ಕೊಡ್ತಿದ್ದರು. ಡಿಜಿಟಲ್ ಕಾಪಿ ಬಂದ ಮೇಲೆ ನಾವು ಆ ಅಭ್ಯಾಸ ಬಿಟ್ಟೆವು, ಅಷ್ಟೇ. ಇದರಿಂದ ದುರುಪಯೋಗ ನಿಂತೇ ಹೋಗುತ್ತೆ ಅಂತಲ್ಲ. ಆದರೆ "ಬಾಡಿಗೆಗೆ ಮಾತ್ರ" ಅಂತ ಮುಖದ ಮೇಲೇ ಬರೆದಿರೋ ಕಾಪಿಯನ್ನ ಸಿಮ್ಮಿಗೋ ಸಾಲಕ್ಕೋ ಕೊಡೋಕೆ ಹೋದವರಿಗೆ ಕಷ್ಟ ಆಗುತ್ತೆ. ಎಲ್ಲಾದರೂ ಆ ಕಾಪಿ ಸಿಕ್ಕರೆ ಯಾರ ಕೈಯಿಂದ ಹೋಯಿತು ಅನ್ನೋದೂ ಗೊತ್ತಾಗುತ್ತೆ. ಬರಹ ಮೂಲೆಯಲ್ಲಿರಬಾರದು, ಕ್ರಾಪ್ ಮಾಡಿಬಿಡ್ತಾರೆ. ಫೋಟೊ ಮತ್ತು ಹೆಸರಿನ ಮೇಲೆ ಹಾದುಹೋಗಬೇಕು. ಪಿಡಿಎಫ್‌ನಲ್ಲಿ ಪದರವಾಗಿ ಹಾಕಿದ ಬರಹವನ್ನ ಎಡಿಟರ್‌ನಲ್ಲಿ ಕಿತ್ತು ಹಾಕಬಹುದು, ಅದಕ್ಕೇ ಪುಟವನ್ನ ಚಿತ್ರವಾಗಿ ಬದಲಾಯಿಸಿ ಕಳಿಸಿ.

ಮುಚ್ಚೋದರಲ್ಲೂ ಇದೇ ಸಮಸ್ಯೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅಕ್ಷರ ಕಾಣಲ್ಲ, ಆದರೆ ಕೆಳಗೆ ಹಾಗೇ ಇರುತ್ತೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ, ಟ್ರಂಪ್ ಅವರ ಪ್ರಚಾರ ತಂಡದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ದಾಖಲೆಯಲ್ಲಿ ಹೀಗೇ ಆಯಿತು. ಪತ್ರಕರ್ತರು ಕಪ್ಪು ಪಟ್ಟಿಯನ್ನ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿದರು. ಚುನಾವಣಾ ಸಮೀಕ್ಷೆಯ ಮಾಹಿತಿಯನ್ನ ರಷ್ಯಾ ನಂಟಿನ ವ್ಯಕ್ತಿಗೆ ಕೊಟ್ಟರು ಅನ್ನೋ ಗುಟ್ಟಿನ ಆರೋಪ ಹೊರಬಿತ್ತು. ಲಕ್ಷಾಂತರ ಫೀಸು ತಗೊಳ್ಳುವ ವಕೀಲರ ಆಫೀಸಿನಲ್ಲೇ ಹೀಗಾದರೆ ನಮ್ಮ ನಿಮ್ಮ ಪಾಡೇನು! ಹಾಗಾಗಿ ಕಳಿಸೋ ಮುಂಚೆ ನೀವೇ ಆ ಪತ್ರಕರ್ತರಾಗಿ: ಮುಚ್ಚಿದ ಜಾಗವನ್ನ ಸೆಲೆಕ್ಟ್ ಮಾಡಿ ಕಾಪಿ-ಪೇಸ್ಟ್ ಮಾಡಿ ನೋಡಿ.

ಫೋಟೊ ಮೇಲೆ ಮುಚ್ಚುವಾಗ ಮಾರ್ಕರ್ ಬೇಡ. ಫೋನಿನ ಎಷ್ಟೋ ಎಡಿಟರ್‌ಗಳಲ್ಲಿ ಮಾರ್ಕರ್ ಪೂರ್ತಿ ಕಪ್ಪಲ್ಲ, ಅರೆಪಾರದರ್ಶಕ. ಬ್ರೈಟ್‌ನೆಸ್ ಏರಿಸಿದರೆ ಕೆಳಗಿನ ಅಂಕಿ ಮೇಲೆದ್ದು ಬರುತ್ತೆ. ಬ್ಲರ್ ಕೂಡ ಅಂಕಿಗಳಿಗೆ ನಂಬಿಕೆಗೆ ಅರ್ಹ ಅಲ್ಲ. ಗಟ್ಟಿ ಕಪ್ಪು ಆಯತ, ಅದರ ಮೇಲೆ ಒಂದು ಹೊಸ ಸ್ಕ್ರೀನ್‌ಶಾಟ್, ಆ ಸ್ಕ್ರೀನ್‌ಶಾಟನ್ನ ಕಳಿಸೋದು. ಕ್ರಾಪ್ ಮಾಡಿದ ಭಾಗ ಹೋಯಿತು ಅಂದುಕೊಳ್ಳೋದೂ ಎಲ್ಲಾ ಸಲ ಸರಿಯಲ್ಲ. ಗೂಗಲ್ ಪಿಕ್ಸೆಲ್ ಫೋನುಗಳ ಎಡಿಟರ್‌ನಲ್ಲಿ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟಿನ ಹಳೇ ಭಾಗ ಫೈಲಿನ ಬಾಲದಲ್ಲೇ ಉಳಿದಿರುತ್ತಿತ್ತು ಅನ್ನೋದು 2023ರಲ್ಲಿ ಬಯಲಾಯಿತು. ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅದೇ ಬಗೆಯ ತೊಂದರೆ ಸಿಕ್ಕಿತು. ಎರಡನ್ನೂ ಸರಿಮಾಡಿದರು, ಆದರೆ ಅಲ್ಲಿವರೆಗೆ ಕಳಿಸಿದ ಚಿತ್ರಗಳು ಕಳಿಸಿದ ಕಡೆ ಹಾಗೇ ಇವೆ.

ಹಾಗಾದರೆ ಪಾಸ್‌ವರ್ಡ್ ಯಾವತ್ತೂ ಬೇಡವಾ? ಬೇಕು, ನಂಬುವವರಿಗೆ ಕಳಿಸುವಾಗ. ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ಗೆ ಸಿಎಗೆ ಮೇಲ್ ಮಾಡ್ತೀರಿ ಅಂದ್ಕೊಳ್ಳಿ. ಅವರಿಗೆ ಪ್ಯಾನ್ ಪೂರ್ತಿ ಬೇಕು, ಸ್ಟೇಟ್‌ಮೆಂಟೂ ಬೇಕು, ಮುಚ್ಚೋಕಾಗಲ್ಲ. ಆದರೆ ಮೇಲ್ ವರ್ಷಗಟ್ಟಲೆ ಇನ್‌ಬಾಕ್ಸಿನಲ್ಲಿ ಬಿದ್ದಿರುತ್ತೆ, ಅವರದ್ದರಲ್ಲೂ ನಿಮ್ಮ ಸೆಂಟ್ ಫೋಲ್ಡರಿನಲ್ಲೂ. ಅರ್ಜೆಂಟಿನಲ್ಲಿ ಜಿಮೇಲ್ ಅದೇ ಹೆಸರಿನ ಇನ್ನೊಬ್ಬರ ವಿಳಾಸ ತುಂಬಿಸಿಬಿಡೋದೂ ಉಂಟು. ಅಲ್ಲಿ ಬೀಗ ನಿಜವಾಗಿ ಕೆಲಸಕ್ಕೆ ಬರುತ್ತೆ. ಫೈಲು ಮೇಲ್‌ನಲ್ಲಿ, ಪಾಸ್‌ವರ್ಡ್ ಫೋನ್ ಕಾಲಿನಲ್ಲಿ. ಎರಡೂ ಒಂದೇ ದಾರಿಯಲ್ಲಿ ಹೋದರೆ ಬೀಗದ ಜೊತೆಗೇ ಕೀಲಿಕೈ ನೇತುಹಾಕಿದ ಹಾಗೆ.

ಆ ಪಾಸ್‌ವರ್ಡ್ ಎಂಥದ್ದು ಅನ್ನೋದರಲ್ಲೇ ನಮ್ಮ ದೇಶ ಒಂದು ಕೆಟ್ಟ ಪಾಠ ಕಲಿಸಿಬಿಟ್ಟಿದೆ. ಇ-ಆಧಾರ್ ಪಿಡಿಎಫ್ ಪಾಸ್‌ವರ್ಡ್ ನಿಮಗೆ ಗೊತ್ತು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಮುಂದೆ ಹುಟ್ಟಿದ ವರ್ಷ. ಎಂಟು ಅಕ್ಷರ, ನೋಡೋಕೆ ಗಟ್ಟಿ. ಈಗ ಲೆಕ್ಕ ಹಾಕಿ. ಫೈಲು ಕಳಿಸಿದವರ ಹೆಸರು ಮೇಲ್‌ನಲ್ಲೇ ಇರುತ್ತೆ. ಉಳಿದಿದ್ದು ವರ್ಷ. ನೂರು ವರ್ಷದವರನ್ನೂ ಸೇರಿಸಿದರೆ ನೂರು ಸಲ ಪ್ರಯತ್ನ, ಅಷ್ಟೇ. ಕೈಯಲ್ಲೇ ಟೈಪ್ ಮಾಡಿ ಮುಗಿಸಬಹುದು. ಇ-ಪ್ಯಾನ್‌ಗೆ ಹುಟ್ಟಿದ ತಾರೀಕು, ಎಂಟು ಅಂಕಿ. ನೂರು ವರ್ಷಕ್ಕೆ ಸುಮಾರು 36,500 ತಾರೀಕು. ಸಾಮಾನ್ಯ ಲ್ಯಾಪ್‌ಟಾಪಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ನಿಮಗೆ ಡೌನ್‌ಲೋಡ್ ಮಾಡಿಕೊಡೋಕೆ ಆ ಪಾಸ್‌ವರ್ಡ್ ಸಾಕು, ಮುಂದಕ್ಕೆ ಕಳಿಸೋಕೆ ಸಾಲದು. ಸಿಎಗೆ ಕಳಿಸೋ ಫೈಲಿಗೆ ಸಂಬಂಧವೇ ಇಲ್ಲದ ನಾಲ್ಕು ಪದ ಜೋಡಿಸಿ ಹಾಕಿ. ಫೋನಿನಲ್ಲಿ ಹೇಳೋಕೂ ಸುಲಭ, ಊಹಿಸೋಕೂ ಆಗಲ್ಲ.

ಪಿಡಿಎಫ್‌ನಲ್ಲಿ ಎರಡು ಬಗೆಯ ಪಾಸ್‌ವರ್ಡ್ ಇರೋದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ತೆಗೆಯೋಕೆ ಕೇಳೋದು. ಇನ್ನೊಂದು ಪ್ರಿಂಟ್ ಮಾಡಬೇಡ, ಕಾಪಿ ಮಾಡಬೇಡ ಅಂತ ನಿರ್ಬಂಧ ಹಾಕೋದು. ಎರಡನೆಯದು ಬೀಗವೇ ಅಲ್ಲ, "ದಯವಿಟ್ಟು ಹೂ ಕೀಳಬೇಡಿ" ಅನ್ನೋ ಬೋರ್ಡು. ಫೈಲು ತೆರೆದಿರುತ್ತೆ, ನಿರ್ಬಂಧ ಪಾಲಿಸೋದು ಬಿಡೋದು ಆ ಸಾಫ್ಟ್‌ವೇರ್‌ಗೆ ಬಿಟ್ಟಿದ್ದು. ಅದನ್ನ ಲೆಕ್ಕಕ್ಕೇ ತಗೊಳ್ಳದ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಕೆಲಸಕ್ಕೆ ಬರೋದು ಮೊದಲನೆಯದು ಮಾತ್ರ.

ಆ ಓದುಗರ ಪ್ರಶ್ನೆಗೆ ಈಗ ಉತ್ತರ. ಹೊಸ ಆ್ಯಪ್ ಬೇಡ. ವಿಂಡೋಸ್‌ನಲ್ಲಿ ವರ್ಡ್‌ನಿಂದ ಪಿಡಿಎಫ್ ಸೇವ್ ಮಾಡುವಾಗ ಆಪ್ಷನ್ಸ್ ಒಳಗೆ ಪಾಸ್‌ವರ್ಡ್ ಹಾಕುವ ಅವಕಾಶ ಇದೆ. ಮ್ಯಾಕ್‌ನಲ್ಲಿ ಪ್ರಿವ್ಯೂ ಸಾಕು. ದುಡ್ಡು ಕೊಡದೆ ಬೇಕು ಅಂದರೆ ಲಿಬ್ರೆ ಆಫೀಸ್. ಇವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮುಗಿಸುತ್ತವೆ. ಹುಡುಕಿದರೆ ಮೊದಲು ಸಿಗುವ "ಫ್ರೀ ಆನ್‌ಲೈನ್ ಪಿಡಿಎಫ್ ಲಾಕ್" ಸೈಟುಗಳನ್ನ ಮಾತ್ರ ಆಧಾರ್, ಪ್ಯಾನ್‌ಗೆ ಬಳಸಬೇಡಿ. ಬೀಗ ಹಾಕಿಸೋಕೆ ಅಂತ ಬೀಗ ಇಲ್ಲದ ಫೈಲನ್ನೇ ಯಾವುದೋ ದೇಶದ ಸರ್ವರ್‌ಗೆ ಕೊಡ್ತಿದ್ದೀರಿ.

ಡ್ರೈವ್ ಲಿಂಕ್ ಕೊಡುವವರಿಗೂ ಒಂದು ಮಾತು. "ಲಿಂಕ್ ಇರುವ ಯಾರು ಬೇಕಾದರೂ" ಅಂತ ಇಟ್ಟರೆ ಆ ಲಿಂಕ್ ಫಾರ್ವರ್ಡ್ ಆದಲ್ಲೆಲ್ಲ ಫೈಲೂ ಹೋಗುತ್ತೆ. ಅವರ ಮೇಲ್ ಐಡಿಗೆ ಮಾತ್ರ ಕೊಡಿ, ಕೆಲಸ ಆದ ಮೇಲೆ ವಾಪಸ್ ತಗೊಳ್ಳಿ. ಡೌನ್‌ಲೋಡ್ ಆಫ್ ಮಾಡಿದರೂ ಸ್ಕ್ರೀನ್‌ಶಾಟ್ ತಪ್ಪಿಸೋಕಾಗಲ್ಲ. ಆದರೂ ಅಟ್ಯಾಚ್‌ಮೆಂಟಿಗಿಂತ ವಾಸಿ, ಬಾಗಿಲು ಮುಚ್ಚುವ ಹಕ್ಕು ನಿಮ್ಮ ಕೈಯಲ್ಲಿರುತ್ತೆ.

ಪ್ರಿಂಟ್ ಬೇಕಾದಾಗ ನಾವೆಲ್ಲ ಮಾಡೋದು ಗೊತ್ತೇ ಇದೆ. ಝೆರಾಕ್ಸ್ ಅಂಗಡಿಯ ಗೋಡೆ ಮೇಲಿನ ನಂಬರಿಗೆ ವಾಟ್ಸಾಪ್ ಮಾಡೋದು. ಅಂಗಡಿ ಹುಡುಗ "ಸರ್, ಪಾಸ್‌ವರ್ಡ್?" ಅಂತ ಕೂಗಿ ಕೇಳ್ತಾನೆ, ನಾವು ಕ್ಯೂನಲ್ಲಿ ನಿಂತವರ ಎದುರೇ ಹೆಸರು, ಹುಟ್ಟಿದ ವರ್ಷ ಒದರ್ತೀವಿ. ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರನ್ನ ಯಾವತ್ತಾದರೂ ಇಣುಕಿ ನೋಡಿದ್ದೀರಾ? ಇಡೀ ಬಡಾವಣೆಯ ಆಧಾರ್ ಇರುತ್ತೆ. ಡಿಲೀಟ್ ಮಾಡಿ ಅಂತ ಹೇಳೋದಕ್ಕೆ ಸಂಕೋಚ ಬೇಡ, ಮಾಸ್ಕ್ಡ್ ಕಾಪಿಯನ್ನೇ ಒಯ್ದರೆ ಇನ್ನೂ ಒಳ್ಳೇದು.

ಬ್ಯಾಂಕು, ಪಾಸ್‌ಪೋರ್ಟ್ ಕಥೆ ಬೇರೆ. ಅವರಿಗೆ ದಾಖಲೆ ಅಸಲಿ ಅಂತ ಖಾತ್ರಿಯಾಗಬೇಕು, ಅಲ್ಲಿ ಮುಚ್ಚಿದ ಸ್ಕ್ರೀನ್‌ಶಾಟ್ ನಡೆಯಲ್ಲ, ಯಾಕಂದ್ರೆ ಸ್ಕ್ರೀನ್‌ಶಾಟ್ ಆದ ಕೂಡಲೇ ಡಿಜಿಟಲ್ ಸಹಿ ಹೋಯಿತು. ಡಿಜಿಲಾಕರ್ ಮೂಲಕ ಕೊಡುವ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಫೈಲು ಯಾರ ಫೋನಿನ ಗ್ಯಾಲರಿಗೂ ಹೋಗದೆ ನೇರ ತಲುಪುತ್ತೆ.

"ನಾನು ಈಗಾಗಲೇ ಹತ್ತು ಕಡೆ ಕಳಿಸಿಬಿಟ್ಟಿದ್ದೀನಲ್ಲ" ಅನ್ನುವವರೇ ಜಾಸ್ತಿ. ಹೋದದ್ದನ್ನ ವಾಪಸ್ ತರೋಕಾಗಲ್ಲ, ಆದರೆ ಕಾವಲು ಹಾಕಬಹುದು. ನಮ್ಮ ದೇಶದ ನಾಲ್ಕು ಕ್ರೆಡಿಟ್ ಬ್ಯೂರೋಗಳೂ ವರ್ಷಕ್ಕೊಂದು ಪೂರ್ತಿ ವರದಿಯನ್ನ ಉಚಿತವಾಗಿ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ. ಮೂರು ತಿಂಗಳಿಗೆ ಒಂದು ಬ್ಯೂರೋದಂತೆ ಕೇಳಿದರೆ ವರ್ಷಪೂರ್ತಿ ಕಣ್ಣಿಟ್ಟ ಹಾಗಾಗುತ್ತೆ. ನೀವು ತಗೊಳ್ಳದ ಸಾಲವೇನಾದರೂ ನಿಮ್ಮ ಪ್ಯಾನ್ ಮೇಲಿದ್ದರೆ ಅಲ್ಲಿ ಕಾಣುತ್ತೆ. ಮೈಆಧಾರ್‌ನಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗೆಲ್ಲ ಬಳಕೆಯಾಯಿತು ಅನ್ನೋ ಪಟ್ಟಿಯೂ ಸಿಗುತ್ತೆ.

ಅದರ ಜೊತೆಗೆ ಬಯೋಮೆಟ್ರಿಕ್ ಲಾಕ್. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನ ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಜನರ ಖಾತೆಯ ಹಣ ತೆಗೆದ ಪ್ರಕರಣಗಳು ದಾಖಲಾದವು. ಆ ಪಾವತಿಗೆ ಓಟಿಪಿ ಬೇಡ, ಬೆರಳು ಸಾಕು. ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ಆ ಬೆರಳೂ ನಡೆಯಲ್ಲ. ನಿಮ್ಮದನ್ನ ಇವತ್ತೇ ಮಾಡಿ, ಎರಡು ನಿಮಿಷದ ಕೆಲಸ. ಊರಲ್ಲಿರುವ ಅಪ್ಪ ಅಮ್ಮನದ್ದನ್ನ ಮಾಡೋ ಮುಂಚೆ ಮಾತ್ರ ಅವರಿಗೊಂದು ಮಾತು ಹೇಳಿಬಿಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋ ದಿನ ಅದನ್ನ ತಾತ್ಕಾಲಿಕವಾಗಿ ತೆಗೆಯಬೇಕಾಗುತ್ತೆ, ಅದಕ್ಕೆ ಬರುವ ಓಟಿಪಿ ಅವರ ಫೋನಿಗೇ ಬರುತ್ತೆ.